ಹತ್ತು ರೂಪಾಯಿ ನಾಣ್ಯದಲ್ಲಿ 10 ಗೆರೆ ಇದ್ದರೆ ಅಸಲಿ, 15 ಇದ್ದರೆ ನಕಲಿಯೇ? ನಾಣ್ಯದ ಚಿತ್ರಗಳ ಹಿಂದಿರುವ ನಿಜ ಸಂಗತಿ

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಲ್ಲಿ ಶಿರಾ ಕಡೆಯ ಬಸ್ಸಿಗೆ ಕಾಯುತ್ತಾ ಒಂದು ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ. ಅಜ್ಜಿಯೊಬ್ಬರು ಎಲೆ ಅಡಿಕೆ ತಗೊಂಡು ಹತ್ತು ರೂಪಾಯಿಯ ನಾಣ್ಯ ಕೊಟ್ಟರು. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಗೆರೆ ಎಣಿಸಿ ವಾಪಸ್ ಕೊಟ್ಟರು. "ಇದು ಓಡಲ್ಲ ಕಣಜ್ಜಿ, ಹದಿನೈದು ಗೆರೆ ಐತೆ. ನೋಟಿದ್ರೆ ಕೊಡು."

"ಹೋದ ವಾರ ನೀನೇ ಕೊಟ್ಟಿದ್ದು ಕಣಪ್ಪ" ಅಂದರು ಅಜ್ಜಿ. ಸೆರಗಿನ ಗಂಟು ಬಿಚ್ಚಿದರೆ ಒಳಗಿದ್ದದ್ದು ಅಂಥವೇ ಇನ್ನೂ ಮೂರು ನಾಣ್ಯ. ನೋಟು ಇರಲಿಲ್ಲ. ಎಲೆ ಅಡಿಕೆಯನ್ನು ಅಲ್ಲೇ ಬಿಟ್ಟು ಹೊರಟರು.

ಗೆರೆ ಎಣಿಸುವುದನ್ನು ಎಲ್ಲಿ ಕಲಿತಿರಿ ಎಂದು ಅಂಗಡಿಯವರನ್ನು ಕೇಳಿದೆ. ಅವರು ಮೊಬೈಲ್ ತೆಗೆದು ಒಂದು ಫಾರ್ವರ್ಡ್ ತೋರಿಸಿದರು. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಅದು ಒಮ್ಮೆಯಾದರೂ ಬಂದಿರುತ್ತದೆ. ಎರಡು ನಾಣ್ಯಗಳ ಫೋಟೊ, ಒಂದರ ಮೇಲೆ ಹಸಿರು ಟಿಕ್, ಇನ್ನೊಂದರ ಮೇಲೆ ಕೆಂಪು ಇಂಟು. ರೂಪಾಯಿ ಚಿಹ್ನೆಯೂ ಹತ್ತು ಗೆರೆಯೂ ಇದ್ದರೆ ಅಸಲಿ, ಚಿಹ್ನೆ ಇಲ್ಲದೆ ಹದಿನೈದು ಗೆರೆ ಇದ್ದರೆ ನಕಲಿ, ಕೂಡಲೇ ಎಲ್ಲರಿಗೂ ತಿಳಿಸಿ ಎಂಬ ಸಾಲು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ಸುಳ್ಳು. ಎರಡೂ ನಾಣ್ಯಗಳು ಸರ್ಕಾರದ ಟಂಕಸಾಲೆಯಲ್ಲೇ ಅಚ್ಚಾದವು. ಎರಡೂ ಇವತ್ತಿಗೂ ಚಲಾವಣೆಯಲ್ಲಿವೆ. ಆದರೆ ಸುಳ್ಳು ಎಂದು ಹೇಳಿದ ಮಾತ್ರಕ್ಕೆ ಅಂಗಡಿಯವರ ಅನುಮಾನ ಹೋಗುವುದಿಲ್ಲ. ಒಂದೇ ಬೆಲೆಯ ನಾಣ್ಯ ಬೇರೆ ಬೇರೆ ಥರ ಏಕಿದೆ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ.

ಆ ಗೆರೆಗಳು ಬಂದದ್ದು ಎಲ್ಲಿಂದ?

ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯದ ಮೊದಲ ಅಚ್ಚಿನಲ್ಲಿ 2005ರ ಇಸವಿ ಇದೆ. ಜನರ ಕೈಗೆ ಅದು ಬಂದದ್ದು 2009ರಲ್ಲಿ. ಅದರ ವಿಷಯ 'ವಿವಿಧತೆಯಲ್ಲಿ ಏಕತೆ'. ಒಂದನ್ನೊಂದು ದಾಟುವ ಗೆರೆಗಳು ಮತ್ತು ನಾಲ್ಕು ಚುಕ್ಕಿ, ಅಷ್ಟೇ ಚಿತ್ರ. 2008ರ ಇಸವಿಯ ಅಚ್ಚಿಗೆ 'ಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನ' ಎಂಬ ವಿಷಯ ಕೊಟ್ಟರು. ಸೂರ್ಯಕಿರಣದ ಹಾಗೆ ಹರಡಿದ 15 ಗೆರೆಗಳು ಕಾಣುವುದು ಇದರಲ್ಲೇ.

ರೂಪಾಯಿ ಚಿಹ್ನೆ ಆಗ ಇರಲೇ ಇಲ್ಲ. ಡಿ. ಉದಯ ಕುಮಾರ್ ರಚಿಸಿದ ಆ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು, ನಾಣ್ಯದ ಮೇಲೆ ಬಂದದ್ದು 2011ರಲ್ಲಿ. ಹೊಸ ಚಿಹ್ನೆಯ ಜೊತೆ ಹಿಂಬದಿಯ ಚಿತ್ರವನ್ನೂ ಬದಲಿಸಿದಾಗ ಗೆರೆಗಳು ಹತ್ತಾದವು. 2009ರಲ್ಲಿ ಅಚ್ಚಾದ ನಾಣ್ಯದಲ್ಲಿ 2010ರಲ್ಲಿ ಹುಟ್ಟಿದ ಚಿಹ್ನೆ ಹುಡುಕುವುದು, ಅಜ್ಜನ ಮದುವೆ ಫೋಟೊದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ.

ಗೆರೆ ಎಣಿಸುವುದೇ ಪರೀಕ್ಷೆ ಎನ್ನುವುದಾದರೆ ಇನ್ನೊಂದು ತೊಡಕಿದೆ. ಗೆರೆಯೇ ಇಲ್ಲದ ಹತ್ತು ರೂಪಾಯಿ ನಾಣ್ಯಗಳು ಬೇಕಾದಷ್ಟಿವೆ. ಹೋಮಿ ಭಾಭಾ ಜನ್ಮಶತಮಾನೋತ್ಸವದ ನಾಣ್ಯವಿದೆ. ರಿಸರ್ವ್ ಬ್ಯಾಂಕಿನ 75 ವರ್ಷದ್ದು, ಸಂಸತ್ತಿನ 60 ವರ್ಷದ್ದು, ತೆಂಗಿನ ನಾರು ಮಂಡಳಿಯ 60 ವರ್ಷದ್ದು ಇವೆ. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳಿದ ನೂರನೇ ವರ್ಷದ್ದು, ಅಂತರರಾಷ್ಟ್ರೀಯ ಯೋಗ ದಿನದ್ದು, ಅಂಬೇಡ್ಕರ್ ಅವರ 125ನೇ ಜಯಂತಿಯದ್ದು ಮೂರೂ 2015ರಲ್ಲಿ ಬಂದವು. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ 14 ಡಿಸೈನ್‌ಗಳಲ್ಲಿ ಹತ್ತು ರೂಪಾಯಿ ನಾಣ್ಯ ಬಿಡುಗಡೆಯಾಗಿದೆ, ಹದಿನಾಲ್ಕೂ ಕಾನೂನುಬದ್ಧ ಎಂದು ಹೇಳಿತು. ಅದಕ್ಕೂ ಮುಂಚೆ 2016ರ ನವೆಂಬರ್‌ನಲ್ಲೇ, ಅಂದರೆ ನೋಟು ರದ್ದಾದ ಕೆಲವೇ ದಿನಗಳಲ್ಲಿ, ಚಿಹ್ನೆ ಇರುವುದೂ ಇಲ್ಲದಿರುವುದೂ ಎರಡೂ ನಡೆಯುತ್ತವೆ ಎಂದು ತಿಳಿಸಿತ್ತು. ಹದಿನಾಲ್ಕರ ನಂತರವೂ ಪಟ್ಟಿ ಬೆಳೆದಿದೆ. 2019ರಲ್ಲಿ ಧಾನ್ಯದ ತೆನೆಯ ಹೊಸ ಸರಣಿ ಬಂತು, 2022ರ ಜೂನ್‌ನಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನವಿರುವ ಸರಣಿ ಬಂತು.

ನಕಲಿ ನಾಣ್ಯ ಎಂಬುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ದೆಹಲಿ ಪೊಲೀಸರು ನಕಲಿ ನಾಣ್ಯ ಅಚ್ಚು ಹಾಕುತ್ತಿದ್ದ ಜಾಲವೊಂದನ್ನು ಹಿಡಿದಿದ್ದರು. ಆದರೆ ನಕಲಿ ಮಾಡುವವರು ಚಲಾವಣೆಯಲ್ಲಿರುವ ನಾಣ್ಯವನ್ನು ನೋಡಿಯೇ ಅಚ್ಚು ತಯಾರಿಸುತ್ತಾರೆ. ಹತ್ತು ಗೆರೆಯದ್ದನ್ನು ನಕಲು ಮಾಡಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಹಾಗಾಗಿ ಗೆರೆಯ ಲೆಕ್ಕದಿಂದ ನಕಲಿ ಸಿಕ್ಕುವುದಿಲ್ಲ. ಸಿಕ್ಕಿಬೀಳುವುದು ಅಸಲಿ ನಾಣ್ಯ ಇಟ್ಟುಕೊಂಡ ಅಜ್ಜಿ ಮಾತ್ರ.

ಹಿಂಬದಿ ಬದಲಾಗುತ್ತದೆ, ಮುಂಬದಿ ನೋಡಿ

ನಾಣ್ಯ ತಿರುಗಿಸಿ. ಮುಂಬದಿಯಲ್ಲಿ ಸಿಂಹಗಳಿವೆ, ಕೆಳಗೆ ದೇವನಾಗರಿಯಲ್ಲಿ 'ಸತ್ಯಮೇವ ಜಯತೇ' ಇದೆ, ಜೊತೆಗೆ ಹಿಂದಿಯಲ್ಲಿ 'ಭಾರತ್', ಇಂಗ್ಲಿಷಿನಲ್ಲಿ 'ಇಂಡಿಯಾ' ಎಂದಿದೆ. ಹಿಂಬದಿಯ ಚಿತ್ರ ಯಾವುದೇ ಇರಲಿ, ಗಣರಾಜ್ಯದ ನಾಣ್ಯದಲ್ಲಿ ಈ ಸಿಂಹಗಳು ಇರಲೇಬೇಕು.

ಇವು ಸಾರನಾಥದ ಅಶೋಕ ಸ್ತಂಭದ ತುದಿಯಲ್ಲಿದ್ದ ಸಿಂಹಗಳು. ಇರುವುದು ನಾಲ್ಕು, ಚಿತ್ರದಲ್ಲಿ ಕಾಣುವುದು ಮೂರು. 1950ರ ಜನವರಿ 26ರಂದು ಇದು ರಾಷ್ಟ್ರ ಲಾಂಛನವಾಯಿತು. ಅದೇ ವರ್ಷ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಬಿಡುಗಡೆಯಾದವು. ಅಲ್ಲಿಯವರೆಗೆ ಮುಂಬದಿಯಲ್ಲಿ ಆರನೇ ಜಾರ್ಜ್ ದೊರೆಯ ತಲೆ ಇತ್ತು, 1947ರ ಒಂದು ರೂಪಾಯಿಯ ಹಿಂಬದಿಯಲ್ಲಿ ಹುಲಿ ಇತ್ತು. ದೊರೆ ಹೋಗಿ ಸಿಂಹ ಬಂತು, ಹುಲಿ ಹೋಗಿ ತೆನೆ ಬಂತು.

ಆಣೆಯ ಕಾಲದ ಆ ಸರಣಿ ನನಗೆ ಬಹಳ ಇಷ್ಟ. ಒಂದು ಆಣೆಯ ಮೇಲೆ ಎತ್ತು, ಒಂದು ಪೈಸೆಯ ಮೇಲೆ ಕುದುರೆ. ಎಲ್ಲಿಂದಲೋ ತಂದ ಚಿತ್ರಗಳಲ್ಲ ಇವು. ಸಾರನಾಥದ ಸಿಂಹಗಳ ಕೆಳಗಿನ ಪೀಠದಲ್ಲಿ ಆನೆ, ಕುದುರೆ, ಎತ್ತು, ಸಿಂಹಗಳನ್ನು ಕೆತ್ತಿದ್ದಾರೆ. ಆ ಪೀಠದಿಂದ ಇಳಿದು ಬಂದ ಎತ್ತು ಮತ್ತು ಕುದುರೆ ಇವು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಕುದುರೆಯ ಪೈಸೆ ಇದ್ದರೆ ಮುಂಬದಿಯ ಸಿಂಹವನ್ನೂ ಮಕ್ಕಳಿಗೆ ತೋರಿಸಿ, ಎರಡೂ ಒಂದೇ ಕಲ್ಲಿನವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಎಂಬ ಲೆಕ್ಕ ಜಾರಿಗೆ ಬಂದು ಆಣೆ ಸರಣಿ ಹಿಂದೆ ಸರಿಯಿತು.

ಈ ಯಾವ ನಾಣ್ಯದಲ್ಲೂ ಕನ್ನಡ ಇಲ್ಲ ಎಂಬುದನ್ನು ಗಮನಿಸಿದ್ದೀರಾ? ನೋಟಿನ ಹಿಂಬದಿಯಲ್ಲಿ ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಬರೆದ ಪಟ್ಟಿ ಇದೆ, ಅದರಲ್ಲಿ ಕನ್ನಡವೂ ಇದೆ. ನಾಣ್ಯದಲ್ಲಿರುವುದು ಹಿಂದಿ, ಇಂಗ್ಲಿಷ್ ಮಾತ್ರ. ಆದರೆ ಒಂದು ಕಾಲದಲ್ಲಿ ಚಿನ್ನದ ನಾಣ್ಯದ ಮೇಲೆ ಕನ್ನಡವೇ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಆನೆ ಹಂದಿಯಾಗಿ ಕಂಡಾಗ

ನಾಣ್ಯದ ಚಿತ್ರ ನೋಡಿ ಊಹಾಪೋಹ ಹುಟ್ಟುವುದು ವಾಟ್ಸ್ಯಾಪ್ ಕಾಲದ ರೋಗವಲ್ಲ. 1911ರಲ್ಲಿ ಐದನೇ ಜಾರ್ಜ್ ದೊರೆಯ ಚಿತ್ರವಿರುವ ರೂಪಾಯಿ ಬಂತು. ದೊರೆಯ ಮೇಲುವಸ್ತ್ರದ ಮೇಲೆ ಆನೆಯ ಚಿಕ್ಕ ಚಿತ್ರವಿತ್ತು. ಸೊಂಡಿಲು ಗಿಡ್ಡವಾಗಿ, ಕಾಲು ಮೋಟಾಗಿ ಅಚ್ಚಾಗಿದ್ದರಿಂದ ಅದು ಹಂದಿಯಂತೆ ಕಂಡಿತು. ಜನರ ನಂಬಿಕೆಗೆ ಅವಮಾನ ಮಾಡಲು ಬೇಕೆಂದೇ ಹಂದಿ ಹಾಕಿದ್ದಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಸರ್ಕಾರ ಆ ನಾಣ್ಯ ಹಿಂದಕ್ಕೆ ತಗೊಂಡು, 1912ರ ಅಚ್ಚಿನಲ್ಲಿ ಆನೆಯನ್ನು ಆನೆಯಾಗಿಯೇ ಕಾಣುವಂತೆ ತಿದ್ದಿತು. ಸಂಗ್ರಹಕಾರರು ಇವತ್ತಿಗೂ 1911ರದ್ದನ್ನು 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ.

ಸುಮಾರು ನೂರು ವರ್ಷಗಳ ನಂತರ ಅದೇ ಕಥೆ ಇನ್ನೊಂದು ರೂಪದಲ್ಲಿ ಬಂತು. ಮೇಲೆ ಹೇಳಿದ 'ವಿವಿಧತೆಯಲ್ಲಿ ಏಕತೆ'ಯ ಗೆರೆಗಳು ಒಂದು ಮತ್ತು ಎರಡು ರೂಪಾಯಿ ನಾಣ್ಯಗಳಲ್ಲೂ ಇದ್ದವು. ಎರಡು ರೂಪಾಯಿಯದ್ದನ್ನು ನೋಡಿದವರು ಇದು ಶಿಲುಬೆ, ಒಂದು ಧರ್ಮದ ಗುರುತನ್ನು ಕದ್ದುಮುಚ್ಚಿ ತುರುಕಿದ್ದಾರೆ ಎಂದರು. ವಿವಾದ ಜೋರಾಯಿತು. ಆ ಚಿತ್ರ ಚೆನ್ನಾಗಿತ್ತು ಎಂದು ನನಗೂ ಅನ್ನಿಸುವುದಿಲ್ಲ. ಬರೀ ಗೆರೆ, ಚುಕ್ಕಿ ಇಟ್ಟು ದೊಡ್ಡ ಅರ್ಥ ಹೇಳಲು ಹೊರಟರೆ ನೋಡುವವರು ತಮಗೆ ತೋಚಿದ ಅರ್ಥ ತುಂಬುತ್ತಾರೆ. ಆದರೆ ಚಿತ್ರ ಹಿಡಿಸಲಿಲ್ಲ ಎಂಬುದೇ ಬೇರೆ, ನಾಣ್ಯ ನಕಲಿ ಎಂಬುದೇ ಬೇರೆ.

2007ರಿಂದ ನೃತ್ಯಮುದ್ರೆಯ ನಾಣ್ಯಗಳು ಬಂದವು. ಒಂದು ರೂಪಾಯಿಗೆ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು. 2008ರ ಐವತ್ತು ಪೈಸೆಗೆ ಮುಷ್ಟಿ. ಅಂಕಿ ಓದಲು ಬಾರದವರಿಗೂ ಬೆರಳು ನೋಡಿ ಬೆಲೆ ಗೊತ್ತಾಗುವ ಈ ಉಪಾಯ ನನ್ನ ಪ್ರಕಾರ ನಮ್ಮ ನಾಣ್ಯಗಳಲ್ಲೇ ಅತಿ ಬುದ್ಧಿವಂತಿಕೆಯದು. 2019ರ ಇಪ್ಪತ್ತು ರೂಪಾಯಿ ನಾಣ್ಯದಲ್ಲೂ ಅಂಥದ್ದೊಂದು ಕಾಳಜಿ ಇದೆ. ಅದು ದುಂಡಗಿಲ್ಲ, ಹನ್ನೆರಡು ಮೂಲೆಯದ್ದು, 27 ಮಿಲಿಮೀಟರ್ ಅಗಲ, 8.54 ಗ್ರಾಂ ತೂಕ. ಅಂಚಿನಲ್ಲಿ ಗೀರುಗಳಿಲ್ಲ. ಕಣ್ಣು ಕಾಣದವರು ಬೆರಳಾಡಿಸಿಯೇ ಗುರುತಿಸಬಹುದು. ಮೂಲೆ ಇದೆ ಎಂಬ ಕಾರಣಕ್ಕೆ ಅದನ್ನೂ ಬೇಡ ಅನ್ನುವವರಿದ್ದಾರೆ!

ಹೊರದೇಶಗಳಲ್ಲಿ ಹೇಗೆ?

ಒಂದೇ ಬೆಲೆಗೆ ಹತ್ತಾರು ಡಿಸೈನ್ ಮಾಡುವುದು ನಮ್ಮಲ್ಲಿ ಮಾತ್ರವೇ? ಅಲ್ಲ. ದಕ್ಷಿಣ ಅಮೆರಿಕದ ಪೆರು ದೇಶ 2010ರಿಂದ 2016ರವರೆಗೆ ಒಂದು ಸೋಲ್ ಬೆಲೆಯ ನಾಣ್ಯವನ್ನೇ 26 ಬೇರೆ ಬೇರೆ ಚಿತ್ರಗಳಲ್ಲಿ ಬಿಟ್ಟಿತು. ದೇಶದ ಮೂಲೆ ಮೂಲೆಯ ಪುರಾತನ ಸ್ಥಳಗಳು, ವಸ್ತುಗಳು, ಕಟ್ಟಡಗಳು ಅದರಲ್ಲಿವೆ, ಮಾಚು ಪಿಚು ಕೂಡ. 2016ರ ರಿಯೊ ಒಲಿಂಪಿಕ್ಸ್ ನೆನಪಿಗೆ ಬ್ರೆಜಿಲ್ ಒಂದು ರಿಯಾಲ್ ನಾಣ್ಯವನ್ನು 16 ಚಿತ್ರಗಳಲ್ಲಿ ಅಚ್ಚು ಹಾಕಿತು. ಕೊಲಂಬಿಯಾದ ನಾಣ್ಯಗಳಲ್ಲಿ ಕರಡಿ, ಗಿಳಿ, ಗಾಜುಕಪ್ಪೆ, ಕಡಲಾಮೆಗಳಿವೆ. ಅರ್ಜೆಂಟೀನಾದ ಒಂದು ಪೆಸೊ ಮೇಲೆ ಜಕರಂಡ ಮರವಿದೆ. ಬೆಂಗಳೂರಿನ ರಸ್ತೆಬದಿಯಲ್ಲಿ ನೇರಳೆ ಹೂ ಸುರಿಸುವ ಮರ ಅದೇ, ಅದರ ತವರು ಆ ಕಡೆ.

ಅಲ್ಲಿ ಟಂಕಸಾಲೆಯೇ ತಪ್ಪು ಮಾಡಿದ್ದೂ ಉಂಟು. 1995ರ ಅರ್ಜೆಂಟೀನಾದ ಒಂದು ಪೆಸೊ ನಾಣ್ಯಗಳಲ್ಲಿ 'ಪ್ರಾಂತ್ಯಗಳು' ಎಂಬ ಅರ್ಥದ ಪದದ ಒಂದು ಅಕ್ಷರವೇ ತಪ್ಪಾಗಿತ್ತು. ಚಿಲಿಯ 2008ರ 50 ಪೆಸೊ ನಾಣ್ಯದಲ್ಲಂತೂ ದೇಶದ ಹೆಸರೇ ತಪ್ಪು, 'ಎಲ್' ಇರಬೇಕಾದ ಕಡೆ ಇನ್ನೊಂದು 'ಐ' ಅಚ್ಚಾಗಿತ್ತು. ಅಲ್ಲಿನ ಟಂಕಸಾಲೆಯ ಮುಖ್ಯಸ್ಥರು ಕೆಲಸ ಕಳೆದುಕೊಂಡರು.

ಇಸವಿಯ ಕೆಳಗಿನ ಚುಕ್ಕಿ, ನಕ್ಷತ್ರ ಮತ್ತು ಲಕ್ಷ ರೂಪಾಯಿ ಆಸೆ

ಒಂದು ಬಗೆಯ ಫಾರ್ವರ್ಡ್ ಅಸಲಿ ನಾಣ್ಯವನ್ನು ನಕಲಿ ಮಾಡುತ್ತದೆ. ಇನ್ನೊಂದು ಬಗೆಯದು ಸಾಮಾನ್ಯ ನಾಣ್ಯವನ್ನು ಲಕ್ಷಾಂತರ ರೂಪಾಯಿಯ ಅಪರೂಪದ ನಾಣ್ಯ ಮಾಡುತ್ತದೆ. ನನ್ನನ್ನು ಕೇಳಿದರೆ ಇದೇ ಹೆಚ್ಚು ಅಪಾಯ.

ಇಸವಿಯ ಕೆಳಗೆ ಸಣ್ಣ ಗುರುತು ಇರುತ್ತದೆ. ಚುಕ್ಕಿ ಇದ್ದರೆ ನೊಯ್ಡಾ, ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಮ್ಮ ದೇಶದ ನಾಲ್ಕು ಟಂಕಸಾಲೆಗಳ ಗುರುತು ಇವು. ಯಾವ ಡಿಪೋದ ಬಸ್ಸು ಎಂದು ಬೋರ್ಡು ಹೇಳಿದಷ್ಟೇ ಇದರ ಅರ್ಥ. ನಕ್ಷತ್ರ ಇದ್ದರೆ ಅದೃಷ್ಟ, ಚುಕ್ಕಿ ಇದ್ದರೆ ಐದು ಲಕ್ಷ ಎನ್ನುವುದೆಲ್ಲ ಕಟ್ಟುಕಥೆ.

ವೈಷ್ಣೋದೇವಿ ನಾಣ್ಯದ್ದೂ ಇದೇ ಕಥೆ. ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರಲ್ಲಿ ಐದು ಮತ್ತು ಹತ್ತು ರೂಪಾಯಿ ನಾಣ್ಯಗಳು ಚಲಾವಣೆಗೆ ಬಂದವು. ಅಂಗಡಿಯ ಗಲ್ಲದಲ್ಲಿ ಈಗಲೂ ಸಿಗುತ್ತವೆ. ಘೇಂಡಾಮೃಗದ ಚಿತ್ರದ ಇಪ್ಪತ್ತೈದು ಪೈಸೆಯೂ ಹಾಗೆಯೇ, ಕೊಂಚ ಹುಡುಕಿದರೆ ಬಹಳ ಮನೆಗಳಲ್ಲಿ ಇದೆ. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಯಾರು ಹತ್ತು ಲಕ್ಷ ಕೊಡುತ್ತಾರೆ?

ಕೊರಟಗೆರೆ ಕಡೆಯ ನಮ್ಮ ಸಂಬಂಧಿಕರೊಬ್ಬರು ಇಂಥ ಜಾಹೀರಾತು ನಂಬಿದರು. ಫೇಸ್‌ಬುಕ್ಕಿನಲ್ಲಿ ಕಂಡ ನಂಬರಿಗೆ ನಾಣ್ಯದ ಫೋಟೊ ಕಳಿಸಿದರು. ಹತ್ತೇ ನಿಮಿಷಕ್ಕೆ ಫೋನ್ ಬಂತು, ನಿಮ್ಮ ನಾಣ್ಯಕ್ಕೆ ಏಳು ಲಕ್ಷ ಖಾತ್ರಿಯಾಗಿದೆ ಅಂದರು. ಮೊದಲು ನೋಂದಣಿ ಶುಲ್ಕ ಕೇಳಿದರು, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ 'ಕ್ಲಿಯರೆನ್ಸ್'. ಸಿಂಹದ ಮುದ್ರೆ ಇರುವ ಒಂದು ಪತ್ರವೂ ವಾಟ್ಸ್ಯಾಪಿಗೆ ಬಂತು. ಆ ಮುದ್ರೆ ನೋಡಿದ ಮೇಲೆಯೇ ಅವರು ಮೂರನೇ ಬಾರಿ ದುಡ್ಡು ಹಾಕಿದ್ದು. ನಾಣ್ಯದಲ್ಲಿ ನಂಬಬೇಕಾದ ಸಿಂಹವನ್ನು ಅಂಗಡಿಯವರು ನಂಬುತ್ತಿಲ್ಲ, ವಾಟ್ಸ್ಯಾಪ್ ಪತ್ರದ ಸಿಂಹವನ್ನು ನಮ್ಮವರು ನಂಬಿಬಿಟ್ಟರು. ಹೋದದ್ದು ಮಗಳ ಕಾಲೇಜು ಫೀಸಿಗೆ ಎತ್ತಿಟ್ಟ ದುಡ್ಡು.

2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಹಳೆಯ ನೋಟು ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ಅದು ತೊಡಗುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಕೊಳ್ಳುವವರು ಮಾರುವವರಿಂದಲೇ ಮುಂಗಡ ಕೇಳಿದರೆ ಅಲ್ಲಿಗೆ ಫೋನ್ ಇಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ರಾಮನ ನಾಣ್ಯ, ಶಿವನ ನಾಣ್ಯ, ನಮ್ಮೂರಿನ ನಾಣ್ಯ

ಈಸ್ಟ್ ಇಂಡಿಯಾ ಕಂಪನಿಯವರು 1818ರಲ್ಲಿ ರಾಮ ಸೀತೆ ಹನುಮಂತರ ಚಿತ್ರವಿರುವ ನಾಣ್ಯ ಹೊರಡಿಸಿದ್ದರು ಎಂಬ ಫಾರ್ವರ್ಡ್ ಹಬ್ಬದ ಆಸುಪಾಸಿನಲ್ಲಿ ತಪ್ಪದೆ ಬರುತ್ತದೆ. ಅಂಥ ನಾಣ್ಯವನ್ನು ಕಂಪನಿ ಅಚ್ಚು ಹಾಕಿಲ್ಲ. ದೇವಸ್ಥಾನ, ಪೂಜೆಗಾಗಿ ಮಾಡುತ್ತಿದ್ದ ರಾಮಟಂಕೆಗಳನ್ನು ನೋಡಿ, ಅದಕ್ಕೆ ಕಂಪನಿಯ ಹೆಸರು ಸೇರಿಸಿ ಈಚೆಗೆ ತಯಾರಿಸಿದ ಬಿಲ್ಲೆಗಳವು.

ಹಾಗೆಂದು ನಾಣ್ಯದ ಮೇಲೆ ದೇವರು ಇರಲೇ ಇಲ್ಲ ಎಂದಲ್ಲ. ಹೈದರಾಲಿ ಹೊರಡಿಸಿದ ಚಿನ್ನದ ವರಹದ ಒಂದು ಬದಿಯಲ್ಲಿ ಶಿವ ಪಾರ್ವತಿಯರಿದ್ದಾರೆ, ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರವಿದೆ. ಜನ ನಂಬಿ ತಗೊಳ್ಳುತ್ತಿದ್ದ ಚಿತ್ರವನ್ನು ಅವನು ಬದಲಿಸಲು ಹೋಗಲಿಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವಿದೆ. ಇವತ್ತು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವುದೂ ಅದೇ ಹಕ್ಕಿ.

ಇನ್ನು ಕನ್ನಡದ ವಿಷಯ. 12ನೇ ಶತಮಾನದ ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣಗಳ ಒಂದು ಬದಿಯಲ್ಲಿ ಸಿಂಹದಂಥ ಪ್ರಾಣಿ, ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರ. ಕೆಲವದರಲ್ಲಿ 'ಶ್ರೀ ತಳಕಾಡುಗೊಂಡ' ಎಂದಿದ್ದರೆ, ಕೆಲವದರಲ್ಲಿ 'ಶ್ರೀ ನೊಣಂಬವಾಡಿಗೊಂಡ' ಎಂದಿದೆ. ನೊಣಂಬವಾಡಿ ಎಂದರೆ ನೊಳಂಬರ ನಾಡು. ಅವರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ, ಶಿರಾದಿಂದ ಗಡಿ ದಾಟಿದರೆ ಸಿಗುವ ಆಂಧ್ರದ ಊರು. ಇವತ್ತಿನ ತುಮಕೂರು ಜಿಲ್ಲೆಯ ಈ ಭಾಗವೂ ಆ ನಾಡಿಗೆ ಸೇರಿತ್ತು. ನಮ್ಮ ನೆಲವನ್ನು ಗೆದ್ದೆ ಎಂದು ರಾಜನೊಬ್ಬ ಚಿನ್ನದ ಮೇಲೆ ಕನ್ನಡದಲ್ಲಿ ಬರೆಸಿದ್ದ. ಗ್ರೂಪಿನಲ್ಲಿ ಹಂಚಲು ಇದಕ್ಕಿಂತ ಒಳ್ಳೆಯ ನಾಣ್ಯದ ಕಥೆ ಬೇಕೆ?

ತಗೊಳ್ಳಲ್ಲ ಅಂದರೆ ರಾಜದ್ರೋಹವೇ?

ನಾಣ್ಯ ನಿರಾಕರಿಸಿದರೆ ರಾಜದ್ರೋಹದ ಕೇಸು ಬೀಳುತ್ತದೆ ಎಂದು ಹೆದರಿಸುವ ಫಾರ್ವರ್ಡ್ ಕೂಡ ಇದೆ. ಅದೂ ಸರಿಯಲ್ಲ. 2011ರ ನಾಣ್ಯ ಕಾಯ್ದೆ ಹೇಳುವುದಿಷ್ಟು: ಒಂದು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ನಾಣ್ಯಗಳು ಒಮ್ಮೆಗೆ 1000 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ ಹಣ. ಐವತ್ತು ಪೈಸೆಯದು 10 ರೂಪಾಯಿವರೆಗೆ. ಹೌದು, ಐವತ್ತು ಪೈಸೆ ಇನ್ನೂ ರದ್ದಾಗಿಲ್ಲ. ರದ್ದಾದದ್ದು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆಯವು, 2011ರ ಜೂನ್ 30ರಿಂದ. ನಾಣ್ಯ ಕರಗಿಸಿದರೆ, ಹಾಳು ಮಾಡಿದರೆ ಜೈಲು ಶಿಕ್ಷೆ ಎಂದು ಕಾಯ್ದೆಯಲ್ಲಿದೆ. ಬೇಡ ಅಂದವರಿಗೆ ಇಷ್ಟು ಶಿಕ್ಷೆ ಎಂಬ ಸೆಕ್ಷನ್ ಅದರಲ್ಲಿಲ್ಲ.

ಅಂಗಡಿಯವರಿಗೂ ಇದರಲ್ಲಿ ಒಂದು ರಕ್ಷಣೆ ಇದೆ. ಯಾರಾದರೂ ಎರಡು ಸಾವಿರದ ಸಾಲವನ್ನು ಪೂರ್ತಿ ಚಿಲ್ಲರೆಯಲ್ಲೇ ತೀರಿಸಲು ಬಂದರೆ ಸಾವಿರಕ್ಕಿಂತ ಹೆಚ್ಚಿನದನ್ನು ನಾಣ್ಯದಲ್ಲಿ ಬೇಡ ಎನ್ನಬಹುದು. ಬ್ಯಾಂಕಿಗೆ ಕಟ್ಟುವಾಗ ಈ ಮಿತಿ ಇಲ್ಲ. ಖಾತೆಗೆ ಎಷ್ಟು ನಾಣ್ಯ ಬೇಕಾದರೂ ಬ್ಯಾಂಕು ಸ್ವೀಕರಿಸಬಹುದು. ನೂರು ನೂರು ನಾಣ್ಯಗಳನ್ನು ಎಣಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದರೆ ಕೌಂಟರಿನಲ್ಲಿ ಕೆಲಸ ಸಲೀಸು. ಹತ್ತು ರೂಪಾಯಿ ನಾಣ್ಯದ ಅನುಮಾನ ಬಗೆಹರಿಸಲೆಂದೇ ರಿಸರ್ವ್ ಬ್ಯಾಂಕ್ 14440 ಎಂಬ ಉಚಿತ ನಂಬರ್ ಇಟ್ಟಿತ್ತು. ಕರೆ ಮಾಡಿದರೆ ಕಟ್ ಆಗಿ, ವಾಪಸ್ ಫೋನ್ ಬಂದು, ಧ್ವನಿಮುದ್ರಿತ ಮಾಹಿತಿ ಕೇಳಿಸುವ ವ್ಯವಸ್ಥೆ ಅದು.

ಅವತ್ತು ಬಸ್ಸು ಬರುವುದು ತಡವಾಯಿತು. ಗಲ್ಲದಲ್ಲಿರುವ ಹತ್ತರ ನಾಣ್ಯಗಳನ್ನೆಲ್ಲ ತೆಗೆಯಿರಿ ಅಣ್ಣ ಅಂದೆ. ಅವರು ಕೆಳಗಿನಿಂದ ಒಂದು ಹಾರ್ಲಿಕ್ಸ್ ಡಬ್ಬ ಎತ್ತಿಟ್ಟರು. 'ಓಡಲ್ಲ' ಅಂತ ಎತ್ತಿಟ್ಟದ್ದೇ ಅದರಲ್ಲಿ ಮೂವತ್ತನಾಲ್ಕು. ಇಸವಿ ನೋಡಿ ಒಂದೊಂದೇ ಜೋಡಿಸಿದೆವು. ಹದಿನೈದು ಗೆರೆಯವು, ಹತ್ತು ಗೆರೆಯವು, ಎರಡು ಅಂಬೇಡ್ಕರ್, ಒಂದು ಯೋಗ ದಿನದ್ದು. ಎಲ್ಲದರ ಮುಂಬದಿಯಲ್ಲೂ ಅದೇ ಸಿಂಹ. ಅಲ್ಲೇ ಪಕ್ಕದಲ್ಲಿ ಗೋಂದು ಟೇಪು ಅಂಟಿಸಿದ, ಹರಿದು ಎರಡಾಗಿದ್ದ ಹತ್ತು ರೂಪಾಯಿ ನೋಟೊಂದಿತ್ತು. ಅದನ್ನು ಮಾತ್ರ ಅವರು ಯಾರನ್ನೂ ಕೇಳದೆ ತಗೊಂಡಿದ್ದರು!

"ನಾನು ತಗೊಂತೀನಿ ಕಣ್ರೀ, ಹೋಲ್‌ಸೇಲ್‌ನೋನು ತಗೊಳಲ್ವಲ್ಲ?" ಅಂದರು. ಮುನ್ನೂರ ನಲವತ್ತು ರೂಪಾಯಿ ಸಾವಿರದೊಳಗೇ ಬರುವುದರಿಂದ ಅವನಿಗೂ ಕೊಡಬಹುದು, ಇಲ್ಲವೇ ಬ್ಯಾಂಕಿಗೆ ಕಟ್ಟಬಹುದು ಅಂದೆ. ಬ್ಯಾಂಕಿನವರು ಎಣಿಸಲ್ಲ ಅಂದರೆ? ಮೊದಲು ಆ ಬ್ಯಾಂಕಿಗೇ ಬರೆದು ದೂರು ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಆ ನಂಬರನ್ನು ಅವರು ಡಬ್ಬದ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಬಸ್ಸು ಬಂತು.